ಪಾಲಿಗೆ ಬಿಟ್ಟ ಕೋಳಿ

ಹೊಣಕೆರೆ ಹತ್ತಿರದ ಹಳ್ಳಿಯಿಂದ
19 ಡಿಸೆಂಬರ್ 1994

ಪ್ರೀತಿಯ ಅಮ್ಮನಿಗೆ,

ನಾನು ಚೆನ್ನಾಗಿದ್ದೇನೆ. ಕೋಳಿಗಳೂ ಸದ್ಯಕ್ಕೆ ಚೆನ್ನಾಗಿವೆ. ಯಾವ ಕೋಳಿ, ಯಾರ ಕೋಳಿ ಅಂತ ನೀನು ಲಕೋಟೆ ತಿರುಗಿಸಿ ಅಂಚೆಯ ಠಸ್ಸೆ ಹುಡುಕುವ ಮೊದಲು ನಾನೇ ಹೇಳಿಬಿಡುತ್ತೇನೆ. ನಾನು ಮೈಸೂರಿನ ಹಾಸ್ಟೆಲ್‌ನಲ್ಲಿ ಇಲ್ಲ. ಮಂಗಳ ಚಿಕ್ಕಮ್ಮನ ಮನೆಯಲ್ಲಿದ್ದೇನೆ. ಹೌದು, ನೀನು ಹನ್ನೆರಡು ವರ್ಷದಿಂದ ಮಾತಾಡಿಸದ ನಿನ್ನ ತಂಗಿಯ ಮನೆಯಲ್ಲಿ. ಪ್ಲೀಸ್, ಇಲ್ಲಿಗೇ ಕಾಗದ ಮಡಿಚಿ ಇಡಬೇಡ. ಸಂಕ್ರಾಂತಿ ಬಂದರೆ ಅವಳ ಕೋಳಿಗಳೆಲ್ಲ ವ್ಯಾಪಾರಿಯ ಸೈಕಲ್ ಏರುತ್ತವೆ. ಅದನ್ನು ತಡೆಯಬಲ್ಲವಳು ನೀನೊಬ್ಬಳೇ. ಹೇಗೆ ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಕನ್ನಡದಲ್ಲಿ ನಿನಗೆ ಬರೆಯುತ್ತಿರುವ ಮೊದಲ ಪತ್ರ ಇದು ಅಂತ ಈಗ ಹೊಳೆಯಿತು. ಸ್ಕೂಲಿನಲ್ಲಿ ನಮ್ಮ ಲೆಟರ್‌ಗಳನ್ನು ವಾರ್ಡನ್ ಓದಿಯೇ ಕಳಿಸುತ್ತಿದ್ದರು, ಅದಕ್ಕೆ ಎಲ್ಲವೂ ಇಂಗ್ಲಿಷಿನಲ್ಲಿ, ಎಲ್ಲದರಲ್ಲೂ ಊಟ ಚೆನ್ನಾಗಿದೆ ಅಂತಲೇ. ಒತ್ತಕ್ಷರ ತಪ್ಪಿದ್ದರೆ ಸರಿಮಾಡಿಕೊಂಡು ಓದು.

ಇಲ್ಲಿಗೆ ಬಂದದ್ದು ಹೀಗೆ. ತಿಂಗಳ ಮೊದಲಲ್ಲಿ ಅಡುಗೆಯವರು ಸ್ಟ್ರೈಕ್ ಮಾಡಿ ಮೆಸ್ ಮುಚ್ಚಿತು, ಎಲ್ಲರೂ ಊರಿಗೆ ಹೋಗಿ ಅಂದರು. ರಾಯಚೂರಿಗೆ ಬಂದು ಹೋಗುವುದರಲ್ಲಿ ಟೆಸ್ಟ್ ಬಂದುಬಿಡುತ್ತದೆ ಅಂತ ಭಯ. ಪಾಂಡವಪುರದಲ್ಲಿ ಬಸ್ಸು ಬದಲಿಸಿ, ಕೇಳಿಕೊಂಡು, ಹೆದರಿಕೊಂಡು ಬಂದೆ. ಚಿಕ್ಕಮ್ಮ ಬಾಗಿಲಲ್ಲಿ ನಿಂತು ನನ್ನನ್ನು ನೋಡಿದಳು. ಯಾರು ಅಂತ ಕೇಳಲಿಲ್ಲ. ನಿನ್ನ ಮೂಗು ನನಗೆ ಬಂದಿದೆಯಂತೆ. ಮೆಸ್ ತೆರೆದು ಆಗಲೇ ಕೆಲವು ದಿನಗಳಾದವು ಅಂತ ರೂಮ್‌ಮೇಟ್ ಕಾರ್ಡ್ ಬರೆದಿದ್ದಾಳೆ. ಇದನ್ನೂ ನಿನಗೆ ಹೇಳಬಾರದು ಅಂದುಕೊಂಡಿದ್ದೆ. ಟೆಸ್ಟ್ ತಪ್ಪಿತು. ಬೈಯುವುದಿದ್ದರೆ ಕೊನೆಯವರೆಗೆ ಓದಿ ಬೈಯಿ.

ಬಂದ ಮಾರನೆಯ ಬೆಳಿಗ್ಗೆಯೇ ಹಿತ್ತಲಿನ ಕೋಳಿಗಳು ನನ್ನ ಕಣ್ಣಿಗೆ ಬಿದ್ದವು. ಇಲ್ಲಿ ಬೆಳಗಿನ ಮಂಜಿಗೆ ರಾಗಿ ಮೆದೆಯೇ ಕಾಣುವುದಿಲ್ಲ, ಕೋಳಿಗಳು ಮಾತ್ರ ಗೂಡಿನ ಬಾಗಿಲು ತೆಗೆದ ಕೂಡಲೇ ಮೈಯುಬ್ಬಿಸಿಕೊಂಡು ಇಳಿಯುತ್ತವೆ. ಒಂದೂ ಮೊಟ್ಟೆ ಇಡುತ್ತಿರಲಿಲ್ಲ. ದೀಪಾವಳಿ ಕಳೆದಾಗಿನಿಂದ ಹೀಗೇ ಅಂದಳು ಚಿಕ್ಕಮ್ಮ. ಹಿತ್ತಲ ತುಂಬ ಉದುರಿದ ಪುಕ್ಕ. ಚಿಕ್ಕಮ್ಮನ ಅತ್ತೆ ಪುಟ್ಟಗೌರಮ್ಮಜ್ಜಿ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಾ ನನಗೆ ವಿವರಿಸಿದರು: "ಮೊಟ್ಟೆ ಇಕ್ಕದಿರೋ ಕೋಳಿ ನೆಂಟ್ರಿದ್ದಂಗೆ ಕಣವ್ವ. ಉಂಡ್ಕಂಡು ವಟವಟ ಅಂತವೆ, ಓಗದೂ ಇಲ್ಲ." ನಾನೂ ನೆಂಟಳೇ ಆದ್ದರಿಂದ ಆ ದಿನ ಮುದ್ದೆಯನ್ನು ಅರ್ಧಕ್ಕೇ ನಿಲ್ಲಿಸಿದೆ.

ಚಳಿಗೆ ಹೀಗೆ ಆಗಿದೆ ಅಂತ ಎಲ್ಲರೂ ಅಂದುಕೊಂಡಿದ್ದರು. ನನಗೆ ಅನುಮಾನ ಬಂತು. ನಮ್ಮ ಜುವಾಲಜಿ ಮೇಡಂ ಒಮ್ಮೆ ಹೇಳಿದ್ದರು, ಕೋಳಿಗೆ ಚಳಿ ಅಷ್ಟು ಲೆಕ್ಕಕ್ಕಿಲ್ಲ, ಲೆಕ್ಕಕ್ಕಿರುವುದು ಬೆಳಕು. ಹಗಲು ಕಿರಿದಾದರೆ ಅದರ ಮೈ ಮೊಟ್ಟೆ ಬಿಟ್ಟು ಹಳೆ ಪುಕ್ಕ ಉದುರಿಸಿ ಹೊಸದು ಬೆಳೆಸುವ ಕೆಲಸಕ್ಕೆ ಕೂರುತ್ತದೆ ಅಂತ. ಹಾಗಾದರೆ ಕಾಯಿಲೆ ಅಲ್ಲ, ರಜೆ! ನನಗೆ ಎಷ್ಟು ಖುಷಿಯಾಯಿತೆಂದರೆ ಚಿಕ್ಕಪ್ಪನ ಹಿಂದೆ ಬಿದ್ದು ಹಿತ್ತಲ ಬಾಗಿಲಿನಿಂದ ವೈರ್ ಎಳೆಸಿ ಗೂಡಿನೊಳಗೆ ಒಂದು ಬಲ್ಬ್ ಹಾಕಿಸಿದೆ. ತಮ್ಮಯ್ಯ ಚಿಕ್ಕಪ್ಪ ನಿನಗೆ ಗೊತ್ತಲ್ಲ, ಮಾತೇ ಇಲ್ಲ, ಕೆಲಸ ಮಾತ್ರ. ಅಜ್ಜಿ ಬಂದು ಬಗ್ಗಿ ನೋಡಿ, "ಕೋಳಿಗೂ ಪರೀಕ್ಸೆ ಅದಾ? ದೀಪ ಆಕ್ಕೊಟ್ಟು ಓದುಸ್ತೀಯಾ?" ಅಂದರು.

ಮೊದಲು ಸಾಯಂಕಾಲ ಹಾಕುತ್ತಿದ್ದೆವು, ತಪ್ಪಾಯಿತು. ಬೆಳಕಿದೆಯಲ್ಲ ಅಂತ ಅವು ಕೆಳಗೆ ಕೆದಕುತ್ತಿದ್ದಾಗಲೇ ಕರೆಂಟ್ ಹೋಗಿ, ಕತ್ತಲಲ್ಲಿ ತಾವು ಮಲಗುವ ಗಳದ ಮೇಲಕ್ಕೆ ಹಾರಲಾಗದೆ ಒಂದರ ಮೇಲೊಂದು ಬಿದ್ದು ಕೂಗಾಡಿದವು. ಆಮೇಲೆ ಬೆಳಗಿನ ಜಾವಕ್ಕೆ ಬದಲಿಸಿದೆವು. ಬಲ್ಬ್ ಹೋದರೂ ಅಷ್ಟರಲ್ಲಿ ಸೂರ್ಯ ಬರುತ್ತಾನೆ. ಪುಕ್ಕ ಬೆಳೆಯಲು ಕಡ್ಲೆಕಾಯಿ ಹಿಂಡಿ ನೆನೆಸಿ ಕೊಡುತ್ತೇವೆ. ಇನ್ನೊಂದು ವಿಷಯ ನಿನಗೆ ನೆನಪಿದೆಯೋ ಇಲ್ಲವೋ, ಹಳೆ ಮಡಕೆಗೆ ಸಗಣಿ, ಹುಲ್ಲು ತುಂಬಿ ನೀರು ಚಿಮುಕಿಸಿ ಹೊಲದ ಬದುವಿನಲ್ಲಿ ಬೋರಲು ಹಾಕಿದರೆ ಮಾರನೆಯ ದಿನಕ್ಕೆ ಒಳಗೆಲ್ಲ ಗೆದ್ದಲು. ಅದನ್ನು ಸುರಿದಾಗ ಕೋಳಿಗಳು ಓಡಿ ಬರುವುದನ್ನು ನೋಡಬೇಕು, ನಮ್ಮ ಮೆಸ್‌ನಲ್ಲಿ ಭಾನುವಾರ ಪೂರಿ ಮಾಡಿದ ಹಾಗೆ.

ಈ ಗಡಿಬಿಡಿಯಲ್ಲಿ ಒಂದು ವಿಚಿತ್ರ ಗಮನಿಸಿದೆ. ಅರ್ಧದಷ್ಟು ಕೋಳಿಗಳ ಕಾಲಿಗೆ ಕೆಂಪು ದಾರ ಕಟ್ಟಿತ್ತು. ಆ ದಾರದವೆಲ್ಲ ದಪ್ಪ, ಹೊಳೆಯುವ ರೆಕ್ಕೆ, ಒಳ್ಳೆಯ ಜುಟ್ಟು. ದಾರ ಇಲ್ಲದವು ಬಡಕಲು, ಒಂದು ಕುಂಟು, ಒಂದಕ್ಕೆ ಕತ್ತೇ ಬೋಳು. ಚೆನ್ನಾಗಿ ಮೊಟ್ಟೆ ಇಡುವವಕ್ಕೆ ಗುರುತು ಇರಬೇಕು ಅಂದುಕೊಂಡೆ. ಅಜ್ಜಿಯನ್ನು ಕೇಳಿದರೆ ದೃಷ್ಟಿಗೆ ಅಂದರು. ಚಿಕ್ಕಮ್ಮನನ್ನು ಕೇಳಿದರೆ, "ಸುಮ್ನೆ ಕಟ್ಟಿವ್ನಿ ಬುಡು ಮಗ" ಅಂದಳು. ಸುಮ್ಮನೆ ಯಾರಾದರೂ ಅರ್ಧ ಮರಿಗಳಿಗೆ ಮಾತ್ರ, ಅವು ಬೆಳೆದಂತೆಲ್ಲ ಬಿಚ್ಚಿ ಸಡಿಲಿಸಿ, ಮತ್ತೆ ಕಟ್ಟುತ್ತಾರಾ ಅಮ್ಮ?

ಅಷ್ಟರಲ್ಲಿ ಪಕ್ಕದ ಊರಿಗೆ ಕೊಕ್ಕರೆ ರೋಗ ಬಂದಿದೆ ಅಂತ ಸುದ್ದಿ ಬಂತು. ಕೋಳಿಗಳ ಕತ್ತು ತಿರುಚಿಕೊಂಡು ಒಂದೇ ವಾರದಲ್ಲಿ ಹಿತ್ತಲಿಗೆ ಹಿತ್ತಲೇ ಖಾಲಿಯಾಗುವ ರೋಗ ಅದು. ಚಿಕ್ಕಪ್ಪ ಹೊಣಕೆರೆಯ ದನದ ಆಸ್ಪತ್ರೆಗೆ ಹೋಗಿ ಹೇಳಿಬಂದರು. ಕಾಂಪೌಂಡರ್ ಐಸ್ ತುಂಬಿದ ಫ್ಲಾಸ್ಕ್‌ನಲ್ಲಿ ಲಸಿಕೆ ತಂದರು. ಸೀಸೆ ಒಮ್ಮೆ ತೆರೆದರೆ ಅದೇ ಹೊತ್ತಿನಲ್ಲಿ ಮುಗಿಸಬೇಕಂತೆ, ಹಾಗಾಗಿ ಇಡೀ ಬೀದಿಯ ಹೆಂಗಸರು ಮಂಕರಿಗಳಲ್ಲಿ ಕೋಳಿ ಹೊತ್ತು ನಮ್ಮ ಹಿತ್ತಲಿಗೆ ಬಂದರು. ನಾನು ಒಂದೊಂದನ್ನೂ ಹಿಡಿದು ರೆಕ್ಕೆ ಅಗಲಿಸಿ ಕೊಟ್ಟೆ. ಕೈಯೆಲ್ಲ ಪರಚಿದ ಗಾಯ. ಲಸಿಕೆ ಮೈಗೆ ಹಿಡಿಯುವುದಕ್ಕೆ ಸ್ವಲ್ಪ ದಿನ ಬೇಕು, ಅದಕ್ಕೇ ಹೊರಗಿನ ಕೋಳಿ ಸೇರಿಸುವ ಹಾಗಿಲ್ಲ, ಗೂಡಿಗೆ ದಿನವೂ ಒಣ ಬೂದಿ ಹಾಕಬೇಕು.

ಅಜ್ಜಿಗೆ ಇದರಲ್ಲಿ ನಂಬಿಕೆ ಬರಲಿಲ್ಲ. ರೋಗ ಬರುವ ಮೊದಲು ಅರ್ಧವನ್ನಾದರೂ ಮಾರಿ ಕೈ ತೊಳೆದುಕೊಳ್ಳೋಣ, ಇಷ್ಟಕ್ಕೆಲ್ಲ ಕಾಳು ಎಲ್ಲಿಂದ ತರೋಣ ಅಂತ ಹಠ ಹಿಡಿದು, ಕೋಳಿ ವ್ಯಾಪಾರಿ ಜವರಯ್ಯನನ್ನು ಕರೆಸಿಯೇಬಿಟ್ಟರು. ಅವನು ಸೈಕಲ್ ನಿಲ್ಲಿಸಿ, ಕೋಳಿಗಳ ಎದೆಮೂಳೆ ಒತ್ತಿ ನೋಡಿ, ಸೀದಾ ಕೆಂಪು ದಾರದವನ್ನೇ ತನ್ನ ಮಂಕರಿಗೆ ಹಾಕತೊಡಗಿದ. ಚಿಕ್ಕಮ್ಮ ಒಂದೊಂದನ್ನೇ ಹೊರಗೆ ತೆಗೆದಳು. ಅವನು ಹಾಕುವುದು, ಇವಳು ತೆಗೆಯುವುದು. ಕೊನೆಗೆ ಅವನೇ ಕೇಳಿದ, ಬೆಲೆ ಸಾಲದಾ ತಾಯಿ ಅಂತ.

"ಬೆಲೆ ಮಾತಲ್ಲ ಜವರಣ್ಣ. ಅವು ನಮ್ಮಕ್ಕನವು. ಬೇಕಾದ್ರೆ ಮಿಕ್ಕವು ತಕಂಡೋಗು."

ಅಜ್ಜಿಯ ಕೈಯಲ್ಲಿದ್ದ ಮೊರ ಹಾಗೇ ನಿಂತಿತು. "ಯಾವಕ್ಕ ಅಮ್ಮಿ? ಇಸ್ಕೂಲು ಇಸ್ಕೂಲು ಅಂತ ಕೂಸ ಎತ್ಕಂಡು ಓಗ್ಬುಟ್ಟವ್ಳಾ? ಅವಳ ಕೋಳಿ ನಮ್ಮಿತ್ಲಲ್ಲಿ ಯಾಕವೆ?"

"ಪಾಲಿಗೆ ಬುಟ್ಟಿದ್ಲಲ್ಲ ಅತ್ತೆ."

"ಅವಳು ಬುಟ್ಟ ಕೋಳಿ ಯಾವತ್ತೋ ಮಣ್ಣಾಯ್ತು."

"ಕೋಳಿ ಮಣ್ಣಾಯ್ತು. ಪಾಲು ಆಗಿಲ್ಲ."

ಅಮ್ಮ, ಈಗ ನೆನಪಾಯಿತಾ? ಅಪ್ಪನಿಗೆ ನಾಗಮಂಗಲದಿಂದ ಮೊದಲ ಸಲ ವರ್ಗವಾದಾಗ ನೀನು ಸಾಕಿದ್ದ ಹೇಂಟೆಯೊಂದನ್ನು ತಂಗಿಗೆ ಪಾಲಿಗೆ ಬಿಟ್ಟು ಹೋದೆಯಂತೆ. ಸಾಕುವುದು ಅವಳು, ಮರಿಗಳಾದರೆ ನಿನಗರ್ಧ ಅವಳಿಗರ್ಧ. ನನಗೆ ಈ ಪದ್ಧತಿಯೇ ಗೊತ್ತಿರಲಿಲ್ಲ. ಆ ಸಂಜೆ ಗೂಡು ಗುಡಿಸುತ್ತಾ ಚಿಕ್ಕಮ್ಮನನ್ನು ಕೇಳಿ ಕೇಳಿ ತಿಳಿದುಕೊಂಡೆ. ಹಂಚುವಾಗ ಕೋಳಿಯ ಒಡತಿ ಮೊದಲು ಆರಿಸಬೇಕು, ಸಾಕಿದವಳು ಆಮೇಲೆ. ಮತ್ತೆ ನೀನು, ಮತ್ತೆ ಅವಳು. ಮೊದಲ ಮರಿಗಳು ಹಂಚುವ ಹೊತ್ತಿಗೆ ಬರುವುದರೊಳಗೆ ನಿಮ್ಮಿಬ್ಬರ ಜಗಳ ಆಗಿಹೋಯಿತು. ಜಗಳ ನನ್ನ ವಿಷಯಕ್ಕೆ ಅಂತ ನೀನು ಎಂದೂ ಹೇಳಲಿಲ್ಲ. ಚಿಕ್ಕಮ್ಮ ನಿನ್ನನ್ನು ಕೇಳಿದಳಂತೆ, ನನಗೆ ಮಕ್ಕಳಿಲ್ಲ, ಊರೂರು ತಿರುಗುವ ನಿಮ್ಮ ಜೊತೆ ಕೂಸು ಯಾಕೆ, ನನ್ನ ಹತ್ತಿರ ಬಿಡು, ಇಲ್ಲೇ ಶಾಲೆಗೆ ಕಳಿಸುತ್ತೇನೆ ಅಂತ. ನನ್ನ ಮಗಳು ಕೋಳಿ ಹಿಕ್ಕೆ ಬಾಚುವುದಕ್ಕೆ ಹುಟ್ಟಿಲ್ಲ ಅಂದೆಯಂತೆ ನೀನು. ಅವಳು ಇದನ್ನು ಕೋಪದಿಂದ ಹೇಳಲಿಲ್ಲ. ಹೇಳುವಾಗ ನನ್ನ ಕೈಯಲ್ಲಿ ಹಿಕ್ಕೆಯ ಬುಟ್ಟಿಯೇ ಇತ್ತು, ಇಬ್ಬರಿಗೂ ನಗು ಬಂತು.

ನಾನು ಕೇಳಿದೆ, ಒಡತಿ ಬರದಿದ್ದರೆ ಹಂಚುವುದು ಹೇಗೆ ಅಂತ. ಅವಳು ಅಂದದ್ದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ: "ನಿಮ್ಮವ್ವ ಬರ್ನಿಲ್ಲ. ಅವಳ ಬದ್ಲು ನಾನೇ ಆರ್ಸ್ದೆ. ಅವಳೇ ಬಂದಿದ್ರೆ ಒಳ್ಳೇವ್ನೆ ತಾನೆ ಎತ್ಕತಿದ್ದುದು?"

ಹನ್ನೆರಡು ವರ್ಷ ಅಮ್ಮ. ಪ್ರತಿ ಸಲ ಮರಿ ಎದ್ದಾಗಲೂ ಮೊದಲು ನಿನಗೆ, ಅದರಲ್ಲೂ ಗಟ್ಟಿಯಾದದ್ದು ನಿನಗೆ. ಮಿಕ್ಕದ್ದು ಅವಳಿಗೆ. ದಾರ ಯಾಕೆ ದಪ್ಪ ಕೋಳಿಗಳಿಗೇ ಇದೆ ಅನ್ನುವುದು ನನಗೆ ಆಗ ತಿಳಿಯಿತು. ಅದು ಮೊಟ್ಟೆಯ ಗುರುತಲ್ಲ, ನಿನ್ನ ಪಾಲಿನ ಗುರುತು.

ಜವರಯ್ಯ ಅವತ್ತು ಬರಿಗೈಲಿ ಹೋದ. ಚಿಕ್ಕಪ್ಪ ಬಾಯಿ ತೆರೆದು, ಸಂಕ್ರಾಂತಿವರೆಗೆ ಇರಲಿ ಬಿಡವ್ವ ಅಂದದ್ದಕ್ಕೆ ಅಜ್ಜಿ ಒಪ್ಪಿದರು. ಆದರೆ ಹಬ್ಬಕ್ಕೆ ಅರ್ಧ ಹೋಗಲೇಬೇಕು ಅಂತ ಮಾತಾಗಿದೆ, ಯಾವ ಅರ್ಧ ಅನ್ನುವುದೂ ಚಿಕ್ಕಮ್ಮನ ಮನಸ್ಸಿನಲ್ಲಿ ತೀರ್ಮಾನವಾಗಿದೆ. ಹೊಲ ಚಿಕ್ಕಪ್ಪನದು, ಹಸು ಅಜ್ಜಿಯದು. ಈ ಮನೆಯಲ್ಲಿ ಅವಳದು ಅಂತ ಇರುವುದು ಆ ಬಡಕಲು ಕೋಳಿಗಳು ಮಾತ್ರ. ಅವೂ ಹೋದರೆ ಅವಳು ದಿನ ಬೆಳಗಾದರೆ ನಿನ್ನ ಕೋಳಿಗಳಿಗೆ ಕಾಳು ಹಾಕುತ್ತಾ ಇರುತ್ತಾಳೆ. ಅಷ್ಟನ್ನೂ ಮಾಡುತ್ತಾಳೆ ಅಂತ ನನಗೆ ಗೊತ್ತು, ಅದೇ ನನಗೆ ತಡೆಯಲಾಗುತ್ತಿಲ್ಲ.

ಮೊನ್ನೆ ಬೆಳಿಗ್ಗೆ ಬಲ್ಬಿನ ಕೆಳಗೆ ಮೊದಲ ಮೊಟ್ಟೆ ಸಿಕ್ಕಿತು. ಇಟ್ಟದ್ದು ಯಾರು ಹೇಳು? ಬೋಳು ಕತ್ತಿನದು! ನಾನು ಕುಣಿದಾಡಿದೆ, ಚಿಕ್ಕಮ್ಮನ ಪಾಲಿಗೂ ಒಂದು ಒಳ್ಳೆಯ ಕೋಳಿ ಬಂತು ಅಂತ. ತಿರುಗಿ ನೋಡಿದರೆ ಅವಳು ಒಳಗೆ ಟ್ರಂಕಿನಲ್ಲಿ ಕೆಂಪು ದಾರ ಹುಡುಕುತ್ತಿದ್ದಾಳೆ. ಬೇಡ ಚಿಕ್ಕಮ್ಮ ಅಂತ ಕೈ ಹಿಡಿದುಕೊಂಡೆ. ಇಷ್ಟು ಚಳಿಯಲ್ಲಿ ಮೊಟ್ಟೆ ಇಟ್ಟ ಕೋಳಿಯನ್ನು ತನ್ನ ಪಾಲಿಗೆ ಇಟ್ಟುಕೊಂಡರೆ ಅಕ್ಕನಿಗೆ ಮೋಸ ಆಗುತ್ತದೆ ಅಂದಳು. ನಾನು ಕೈ ಬಿಡಲಿಲ್ಲ. ಕೊನೆಗೆ ಅವಳು ದಾರವನ್ನು ಮತ್ತೆ ಟ್ರಂಕಿಗೆ ಹಾಕಿದಳು, ಆದರೆ ನನ್ನ ಮೇಲೆ ಮಧ್ಯಾಹ್ನದವರೆಗೂ ಮುನಿಸಿಕೊಂಡಿದ್ದಳು.

ಪಾಲು ಮುಗಿಸಿಬಿಡು ಅಂತ ನೀನು ಕಾರ್ಡಿನಲ್ಲಿ ಬರೆದರೆ ಸಾಲದಾ ಅಂತ ಕೇಳಿದೆ. ನಡೆಯುವುದಿಲ್ಲವಂತೆ. ಒಡತಿ ಹಿತ್ತಲಿಗೆ ಬಂದು ತನ್ನ ಕೈಯಾರೆ ಆರಿಸಬೇಕು. ಅದಕ್ಕೇ ಕೇಳುತ್ತಿದ್ದೇನೆ, ಸಂಕ್ರಾಂತಿಯೊಳಗೆ ಬಾ. ಹಳೆಯ ಮಾತು ತೆಗೆಯಬೇಡ, ಕ್ಷಮೆ ಗಿಮೆ ಅಂತ ದೊಡ್ಡ ಮಾತು ಅವಳಿಗೂ ಬೇಡ, ನಿನಗೂ ಬಾರದು. ಸುಮ್ಮನೆ ಹಿತ್ತಲಿನಲ್ಲಿ ನಿಲ್ಲು. ಅವಳು ಎಲ್ಲ ದಾರ ಬಿಚ್ಚಿ, ಎಲ್ಲ ಕೋಳಿಗಳನ್ನೂ ನಿನ್ನ ಮುಂದೆ ಬಿಡುತ್ತಾಳೆ. ಮೊದಲು ಕುಂಟನ್ನು ಎತ್ತಿಕೋ. ಆಮೇಲೆ ಬಡಕಲುಗಳನ್ನು ಒಂದೊಂದಾಗಿ. ಅವಳು ಬೇಡ ಅಂತ ರೇಗುತ್ತಾಳೆ, ರೇಗಲಿ. ಮೊದಲು ಆರಿಸುವುದು ನಿನ್ನ ಹಕ್ಕು, ಅವಳೇ ಹೇಳಿದ್ದಾಳೆ. ಜವರಯ್ಯ ನಿನ್ನ ಅರ್ಧವನ್ನು ಒಯ್ಯಲಿ.

ಹೆದರುತ್ತಲೇ, ಆದರೂ ಬರುತ್ತೀಯ ಅಂತ ನಂಬಿಕೊಂಡಿರುವ
ನಿನ್ನ ಮಗಳು
ಅರ್ಪಿತ

ತಾ.ಕ.: ಚಿಕ್ಕಮ್ಮನಿಗೆ ತಿಳಿಯದ ಹಾಗೆ ಬರೆದು ಪೋಸ್ಟ್ ಮಾಡಬೇಕು ಅಂತಿದ್ದೆ, ಲಕೋಟೆಗೆ ಅಂಟು ಹಾಕಲು ಅನ್ನದ ಅಗುಳು ಕೇಳಲು ಹೋಗಿ ಸಿಕ್ಕಿಬಿದ್ದೆ. ಯಾರಿಗೆ ಅಂದಳು. ಅಮ್ಮನಿಗೆ ಅಂದೆ. ಹೋಗಿ ಒಲೆಯ ಮುಂದೆ ಕೂತಳು. ಅಜ್ಜಿಯೇ ಅವಳನ್ನು ಕೆಣಕಿದರು, ನಿಮ್ಮಕ್ಕ ದಿಟವಾಗಿ ಬಂದುಬಿಟ್ಟರೆ ಸಾರಿಗೆ ಯಾವ ಕೋಳಿ ಕೊಯ್ಯುತ್ತೀಯ, ಅವಳದನ್ನೇ ಕೊಯ್ದು ಅವಳಿಗೇ ಬಡಿಸುತ್ತೀಯಾ ಅಂತ. ಚಿಕ್ಕಮ್ಮ ತಲೆ ಎತ್ತದೆ ಹೇಳಿದಳು: "ನಂದನ್ನ ಕುಯ್ತೀನಿ. ಮೊನ್ನೆ ಮೊಟ್ಟೆ ಇಕ್ತಲ್ಲ, ಆ ಬೋಳು ಕತ್ತಿಂದನ್ನ."