ಗೇಟಿನ ಹತ್ತಿರ ಕೇಳಿದ ಮಾತು

ಅಣ್ಣಾ,

ಕೂತಲ್ಲಿ ಕೂರಲಾಗುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಇದು ನಿನಗೆ ತಲುಪುವುದಿಲ್ಲವೆಂದು ಗೊತ್ತು.

ಇವತ್ತು ನಮ್ಮ ಕಲ್ಯಾಣ ಕಚೇರಿಗೆ ಒಬ್ಬ ದರ್ಜಿ ಬಂದಿದ್ದರು. ಪಾರ್ಶ್ವವಾಯು ಬಡಿದು ಅವರ ಬಲಗೈ ಬಿದ್ದುಹೋಗಿದೆ. ಪಿಂಚಣಿಗೆ ಇದು ಮೂರನೇ ಅರ್ಜಿ. ವೈದ್ಯರ ಸಹಿ ಇಲ್ಲವೆಂದು ನಾನೇ ಹಿಂದಿರುಗಿಸಿದೆ. ಅವರು ಸಿಟ್ಟಾಗಲಿಲ್ಲ. ಕಾಗದಗಳನ್ನೆಲ್ಲ ನನ್ನ ಮೇಜಿನ ಮೇಲೇ ಬಿಟ್ಟು, "ಇರಲಿ ಬಿಡಮ್ಮ, ಇನ್ನು ಯಾರಿಗೂ ತೊಂದರೆ ಕೊಡಲ್ಲ" ಎಂದು ನಕ್ಕು ಹೊರಟರು.

ಸಾಲಿನಲ್ಲಿದ್ದವರು ಕೂಗುತ್ತಿದ್ದರೂ ನಾನು ಎದ್ದು ಓಡಿದೆ. ಗೇಟಿನ ಹತ್ತಿರ ತಡೆದು ನೇರವಾಗಿ ಕೇಳಿಯೇಬಿಟ್ಟೆ: "ಸಾಯೋ ಯೋಚನೆ ಬರ್ತಿದೆಯಾ, ಯಜಮಾನ್ರೇ?"

"ಇಷ್ಟು ದಿನ ಯಾರೂ ಕೇಳಿರಲಿಲ್ಲ" ಎಂದವರು ಅಲ್ಲೇ ಕುಸಿದು ಕೂತು ಅತ್ತರು.

ಕಚೇರಿಯ ಮೇಲಿನ ಮಹಡಿಯಲ್ಲಿ ಆಪ್ತಸಮಾಲೋಚಕಿಯ ಕೋಣೆಯಿದೆ. ಕೈಹಿಡಿದು ಕರೆದೊಯ್ದೆ. ಅವರ ಮಗಳು ಬರುವವರೆಗೂ ಪಕ್ಕದಲ್ಲೇ ಇದ್ದೆ. ವೈದ್ಯರ ಸಹಿಗೆ ನಾಳೆ ನಾನೇ ಜೊತೆಗೆ ಹೋಗುತ್ತೇನೆ. ಸಾಹೇಬರು ಬೈದರು. ಬೈಯಲಿ.

ನೀನೂ ಆ ದಿನ ಫೋನಿನಲ್ಲಿ ಹೀಗೇ ನಕ್ಕಿದ್ದೆ. ನಾನು "ಇಲ್ಲಿ ಜನ ಕಾಯ್ತಿದ್ದಾರೆ, ಸಂಜೆ ಮಾತಾಡ್ತೀನಣ್ಣ" ಎಂದು ಫೋನ್ ಇಟ್ಟುಬಿಟ್ಟಿದ್ದೆ. ಸಂಜೆಗೆ ನೀನಿರಲಿಲ್ಲ.

ಇವತ್ತು ನಾನು ಹೊರಡುವಾಗ ಸಮಾಲೋಚಕಿ, "ನೀವೂ ಏನೋ ಒಳಗಿಟ್ಕೊಂಡ ಹಾಗಿದೆ. ಬಂದು ಮಾತಾಡೋಕೆ ನಿಮಗೂ ಒಂದು ದಿನ ಬರ್ಕೊಳ್ಳಲಾ?" ಎಂದರು.

"ನನಗೇನಾಗಿದೆ ಮೇಡಂ?" ಎಂದು ನಕ್ಕೆ. ಅರ್ಧ ಮೆಟ್ಟಿಲು ಇಳಿದವಳು ಮತ್ತೆ ಹತ್ತಿಹೋಗಿ ಬಾಗಿಲಲ್ಲಿ ನಿಂತೆ.

"ಬರ್ಕೊಳ್ಳಿ" ಎಂದೆ.