ಹಿಂದಿನ ಸ್ಪೀಕರಿನಲ್ಲಿ ನಡೆದವರು

ಮನೆಯಿಂದ
ಭಾನುವಾರ, ಊಟವಾದ ಮೇಲೆ

ಮಗಳಂಥ ಸೊಸೆಗೆ ಅತ್ತೆಯ ಮನಸಾರೆ ಆಶೀರ್ವಾದ.

ಹೇಗಿದ್ದೀಯ? ಕೆಮ್ಮು ಹೋಯಿತೇ? ಕಿಟಕಿಯಿಲ್ಲದ ಆ ಸ್ಟುಡಿಯೋದ ಏಸಿಯಲ್ಲಿ ದಿನವೆಲ್ಲ ಬರಿಗಾಲಲ್ಲಿ ನಿಂತರೆ ಅದು ಹೇಗೆ ಬಿಟ್ಟೀತು? ಬಿಸಿನೀರು ಕುಡಿ. ನಿಮ್ಮ ಮಾವ ಗಟ್ಟಿಯಾಗಿದ್ದಾರೆ, ಅದೇ ನನಗೆ ತೊಂದರೆ. ನಾನಂತೂ ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಹಾಲನ್ನು ಒಲೆಯ ಮೇಲಿಟ್ಟು ಮಹಡಿ ಹತ್ತುತ್ತೇನೆ, ಯಾಕೆ ಹತ್ತಿದೆನೆಂದು ನೆನಪಾಗುವಷ್ಟರಲ್ಲಿ ಕೆಳಗೆ ಹಾಲು ಉಕ್ಕಿರುತ್ತದೆ.

ಎಲ್ಲ ಶುರುವಾದದ್ದು ನೀನು ಕಳಿಸಿದ ಡಿಸ್ಕಿನಿಂದ. ಸೊಸೆ ಕೆಲಸ ಮಾಡಿದ ಸಿನಿಮಾ ಎಂದು ನಿಮ್ಮ ಮಾವ ಇಸ್ತ್ರಿಯ ಶರ್ಟು ಹಾಕಿಕೊಂಡು ಕೂತರು. ನಮ್ಮ ಹಳೇ ಡಿವಿಡಿ ಪ್ಲೇಯರು ಅದನ್ನು ನುಂಗಿ, ಒಂದಿಷ್ಟು ಗುರುಗುಟ್ಟಿ, ಉಗುಳಿಬಿಟ್ಟಿತು. ಇದು ಬ್ಲೂ-ರೇ, ಇದಕ್ಕೆ ಬೇರೆ ಪ್ಲೇಯರೇ ಬೇಕು ಎಂದ ಅಂಗಡಿಯವನು. ಅದು ಬಂತು. ಚಿತ್ರ ಎಷ್ಟು ಸ್ಪಷ್ಟವೆಂದರೆ ನಾಯಕನ ಕಾಲರಿನಲ್ಲಿ ಹೊಲಿಗೆ ವಾಲಿದ್ದು ಮಾವನ ಕಣ್ಣಿಗೆ ಬಿತ್ತು. ಕತ್ತರಿ ಕೆಳಗಿಟ್ಟರೂ ಟೈಲರ್ ಬುದ್ಧಿ ಹೋಗುತ್ತದೆಯೇ? ಆದರೆ ಸದ್ದು ಮಾತ್ರ ತಗಡಿನ ಡಬ್ಬಿಯೊಳಗಿಂದ ಬಂದ ಹಾಗೆ. ಹೊಸ ಕೇಬಲ್ ಸಿಕ್ಕಿಸಲು ಹಳೇ ಆಂಪ್ಲಿಫೈಯರಿನಲ್ಲಿ ಜಾಗವೇ ಇರಲಿಲ್ಲ. ಇಲಿಗೆಂದು ಬೆಕ್ಕು ಸಾಕಿ, ಬೆಕ್ಕಿಗೆಂದು ಹಸು ಕಟ್ಟಿದ ಹಾಗೆ, ಆಂಪ್ಲಿಫೈಯರೂ ಬಂತು, ಅದರ ಹಿಂದೆ ಸ್ಪೀಕರುಗಳೂ ಬಂದವು. ಎರಡು ಬೆನ್ನ ಹಿಂದೆಯೇ ಇರಬೇಕಂತೆ. ಸೋಫಾ ಗೋಡೆ ಬಿಟ್ಟು ಹಾಲಿನ ನಡುವೆ ಬಂದು ಕೂತಿದೆ, ಹೋದಾಗಲೆಲ್ಲ ನನ್ನ ಮೊಣಕಾಲಿಗೆ ಬಡಿಯುತ್ತದೆ. ಮಾವ ಹೊಲಿಗೆಯ ಟೇಪು ಕೊರಳಿಗೆ ಹಾಕಿಕೊಂಡು ಸ್ಪೀಕರುಗಳಿಗೆ ಅಳತೆ ತೆಗೆದರು. ಕೊನೆಗೆ ಒಂದು ಪುಟ್ಟ ಮೈಕು ಇಟ್ಟು, ಅದು ಸದ್ದು ಅಳೆಯುವವರೆಗೆ ಯಾರೂ ಉಸಿರೆತ್ತಬಾರದು ಎಂದರು. ಆಗಲೇ ಕುಕ್ಕರು ಕೂಗಿತು. “ಮೊದ್ಲಿಂದ ಶುರು ಮಾಡ್ಬೇಕೀಗ” ಎಂದು ಕುಕ್ಕರನ್ನು ಬಿಟ್ಟು ನನ್ನನ್ನು ದುರುಗುಟ್ಟಿಕೊಂಡು ನೋಡಿದರು.

ಈ ಗಲಾಟೆಯಲ್ಲೆಲ್ಲ ನಿನ್ನ ಗಂಡ ಒಂದು ವೈರಿಗೂ ಕೈ ಹಚ್ಚಲಿಲ್ಲ. (ನೆಟ್ಟಗಿದ್ದಾಗ ಅವನು ನನ್ನ ಮಗ, ಮುಖ ಊದಿಸಿಕೊಂಡಾಗ ನಿನ್ನ ಗಂಡ.) ಸ್ಟುಡಿಯೋದವರು ನಿನ್ನನ್ನು ಕಾಯಂ ಮಾಡುತ್ತಾರೆಂದು ನೀನು ತಿಳಿಸಿದ ದಿನ ಅವನು “ಅಲ್ಲೇ ಇರ್ಬೇಕು ಅನ್ಸಿದ್ರೆ ಇರು” ಎಂದು ಫೋನಿಟ್ಟದ್ದು ಅಡುಗೆಮನೆಗೂ ಕೇಳಿಸಿತ್ತು. ಅಂದಿನಿಂದ ಅವನೂ ಮಾಡಲಿಲ್ಲ, ನೀನೂ ಮಾಡಲಿಲ್ಲ. ಪ್ರೆಸ್ಸಿನಿಂದ ಬರುತ್ತಾನೆ, ಉಣ್ಣುತ್ತಾನೆ, ಫೋನನ್ನು ಕೈಗೆತ್ತಿಕೊಂಡು ಮತ್ತೆ ಬೋರಲು ಹಾಕಿಡುತ್ತಾನೆ. 

ಶುಕ್ರವಾರ ಸಂಜೆ ಅಂತೂ ಸಿನಿಮಾ ಹಾಕಿದರು. ಅವನನ್ನೂ ಎಳೆದು ಕೂರಿಸಿದೆ. ಪರದೆಯ ಮೇಲಿನವರ ಹೆಜ್ಜೆಯ ಸದ್ದಿಗಾಗಿ ಮೈಕಿನ ಮುಂದೆ ಹೆಜ್ಜೆ ಹಾಕುವುದೇ ನಿನ್ನ ಕೆಲಸ ಎಂದಾಗ, ನಡೆಯೋದಕ್ಕೂ ಸಂಬಳವೇ ಎಂದು ನಾವೆಲ್ಲ ನಕ್ಕಿದ್ದೆವಲ್ಲ, ಈ ಸಲ ಯಾರೂ ನಗಲಿಲ್ಲ. ಆ ಕಥೆಯಲ್ಲಿ ಒಬ್ಬ ಮುದುಕಿ ಮಗನ ಕೋಣೆಯ ದೀಪ ಆರಿಸಲು ಹೋಗುತ್ತಾಳೆ. ಪರದೆಯಲ್ಲಿ ಕಾಣುವುದು ಮಲಗಿರುವ ಮಗ ಮಾತ್ರ. ಅವಳು ನಡೆಯುವುದು ನಮ್ಮ ಬೆನ್ನ ಹಿಂದೆ. ಬಲಗಾಲು ಊರಿ, ಎಡಗಾಲನ್ನು ತುಸು ಎಳೆದು, ಬಾಗಿಲ ಹತ್ತಿರ ಒಂದು ಗಳಿಗೆ ನಿಂತು, ಮತ್ತೆ ಎಳೆದು. ಮಾವ ತಟ್ಟನೆ ಅಡುಗೆಮನೆಯ ಕಡೆ ತಿರುಗಿದರು. “ನೀನು ಇಲ್ಲೇ ಕೂತಿದ್ದೀಯಲ್ಲ, ಅಲ್ಲಿ ನಡೀತಿರೋದ್ಯಾರು?” ಎಂದರು.

ಮಗ ರಿಮೋಟು ತೆಗೆದುಕೊಂಡು ಅಷ್ಟನ್ನೇ ಮತ್ತೆ ಮತ್ತೆ ಹಾಕಿದ. ನನ್ನ ನಡಿಗೆ ಹೀಗೆ ಕೇಳಿಸುತ್ತದೆಂದು ನನಗೇ ಗೊತ್ತಿರಲಿಲ್ಲ, ಮಗಳೇ. ಬಾಗಿಲ ಬಳಿ ನಿಲ್ಲುತ್ತೇನೆಂಬುದೂ ತಿಳಿದಿರಲಿಲ್ಲ. “ಹುಟ್ಟಿದಾಗಿಂದ ಈ ಮನೇಲಿದ್ದೀನಿ, ನಾನು ಇದನ್ನ ಕೇಳೇ ಇಲ್ಲ. ಅವಳು ಕೇಳಿಸ್ಕೊಂಡಿದ್ದಾಳೆ” ಎಂದು ಎದ್ದುಹೋದ. ನಿನ್ನೆಯೆಲ್ಲ ಹಾಲಿಗೂ ಅಂಗಳಕ್ಕೂ ಸುತ್ತಿದ. ಅವನು ಸುತ್ತುವುದನ್ನು ನೋಡುತ್ತ ನಾನೂ ಸುತ್ತಿದೆ.

ನನ್ನ ಮನಸ್ಸಿನಲ್ಲಿರುವುದನ್ನು ಹೇಳಿಬಿಡುತ್ತೇನೆ. ಆ ಕೆಲಸ ಬಿಡಬೇಡ. ನಮ್ಮ ಊಟ, ಔಷಧಿ ನಾವು ನೋಡಿಕೊಳ್ಳುತ್ತೇವೆ, ಇನ್ನೂ ಕೈಕಾಲು ಆಡುತ್ತಿವೆ. ಸಿನಿಮಾದ ಉಳಿದರ್ಧ ನಾವಿನ್ನೂ ನೋಡಿಲ್ಲ, ಕೊನೆ ಹೇಗಾಗುತ್ತದೆಂದು ಬರೆಯಬೇಡ. ಮಾವ ನಿನ್ನನ್ನು ತುಂಬಾ ಕೇಳಿದ್ದಾರೆ. ಹೊತ್ತು ಹೊತ್ತಿಗೆ ಉಣ್ಣು, ಕಾಲು ಬೆಚ್ಚಗಿಟ್ಟುಕೋ. ನೀನು ಇಟ್ಟ ಹೆಜ್ಜೆಯೆಲ್ಲ ಒಳ್ಳೆಯದಾಗಲಿ.

ನಿನ್ನ ಅತ್ತೆ

ವಿ.ಸೂ: ಈ ಕಾಗದವನ್ನು ಅಂಚೆಗೆ ಹಾಕುತ್ತಿಲ್ಲ. ನನ್ನ ಮಗ ಈಗ ರೈಲಿಗೆ ಹೊರಟಿದ್ದಾನೆ, ಅವನ ಕೈಗೇ ಕೊಡುತ್ತಿದ್ದೇನೆ. ಪ್ರೆಸ್ಸಿಗೆ ರಜೆ ಹಾಕಿದ್ದಾನೆ. ಎಷ್ಟು ದಿನಕ್ಕೆಂದು ನಾನು ಕೇಳಲಿಲ್ಲ, ಚೀಲವಂತೂ ದೊಡ್ಡದನ್ನೇ ತೆಗೆದಿದ್ದಾನೆ. ಮಾತು ಶುರು ಮಾಡುವುದು ಅವನಿಗೆ ಯಾವತ್ತೂ ಬರುವುದಿಲ್ಲ. ನೀನು ಓದಿ ಮುಗಿಸಲಿ ಎಂದು ಬಾಗಿಲಲ್ಲೇ ನಿಂತಿದ್ದಾನು, ಒಳಗೆ ಕರಿ.