ನಟನ ತೋಳಿನ ನೀಲಿ

ಜನವರಿ 19, 2021. ಬೆಳಿಗ್ಗೆ 10.40

ನಲವತ್ತೊಂದನೇ ಚಿತ್ರ. ಹಾಳೆಯ ಅಂಚಿಗೆ ತಾಗುವ ನಟನ ತೋಳು. ಅದರ ನೀಲಿಯಲ್ಲಿ ಸಣ್ಣದೊಂದು ಮಸುಕು. ನಿನ್ನೆ ಇರಲಿಲ್ಲ.

ವಾಸಂತಿ ಮೇಡಂ ಭೂತಗನ್ನಡಿ ಹಿಡಿದರು. ಜಪಾನಿನ ಹಳೆಯ ಮರದಚ್ಚಿನ ಚಿತ್ರಗಳನ್ನು ಬೈಟನ್‌ವೆಲ್ಡರ್ಟ್ ಎಂಬ ಡಚ್ ಬಡಾವಣೆಯ ಈ ಮನೆಯಿಂದಲೇ ಮಾರುವವರು. ಪಟ್ಟಿ ಮಾಡುವುದು ನನ್ನ ಕೆಲಸ, ಫೋಟೊ ತೆಗೆಯುವುದು ಕಿಶನ್‌ನದು.

"ಹೂವಿನ ರಸದ ನೀಲಿ ಇದು. ಒಂದ್ ಹನಿ ತಾಗಿದ್ರೂ ಹೋಯ್ತು. ಯಾರು ಮುಟ್ಟಿದ್ದು?"

"ನಾ ಅಲ್ರೀ ಮೇಡಂ. ಕಾಫಿ ಹಿಡ್ಕೊಂಡು ಈ ಟೇಬಲ್ ಹತ್ರ ಬರೂದೇ ಇಲ್ಲ," ಎಂದ ಕಿಶನ್.

"ಈಗ ಕೈಲಿರೋದೇನಪ್ಪಾ, ಕಷಾಯನಾ?"

ನಾನು ತಲೆ ತಗ್ಗಿಸಿ ಆ ಚಿತ್ರದ ಸ್ಥಿತಿ ವರದಿ ಬರೆಯತೊಡಗಿದೆ.

ಅದೇ ದಿನ, ಟಿಲ್‌ಬರ್ಗ್‌ಗೆ ವಾಪಸ್ ಟ್ರೇನಿನಲ್ಲಿ

ನಿನ್ನೆ... ಬಾಗಿಲಲ್ಲಿ ಸ್ಯಾನಿಟೈಸರ್ ಹಚ್ಚಿಕೊಂಡೆ. ಆಮೇಲೆ ಸೋಪು ಹಾಕಿ ತೊಳೆದು, ಒರೆಸಿ, ಹತ್ತು ನಿಮಿಷ ಕಾಯಬೇಕು. ಚಿತ್ರ ಮುಟ್ಟುವುದು ಅನಂತರ. ಮೇಡಂ ನಿಯಮ. ಆದರೆ ಗಿರಾಕಿ ವಿಡಿಯೊ ಕಾಲ್‌ನಲ್ಲಿದ್ದರು. "ಬೇಗ ತೋರ್ಸಮ್ಮ." ಕಾಯಬೇಕು ಅನ್ನಲು ಸಂಕೋಚ. ಎತ್ತಿ ಹಿಡಿದೆ. ಸ್ಯಾನಿಟೈಸರ್ ಆರದೆ ಹೆಬ್ಬೆರಳು ಇನ್ನೂ ತಣ್ಣಗಿತ್ತು.

ಜನವರಿ 20

ಯಾರೂ ಇಲ್ಲದಾಗ ಹೆಬ್ಬೆರಳನ್ನು ಮಸುಕಿನ ಮೇಲೆ ಹಿಡಿದು ನೋಡಿದೆ — ತಾಗಿಸದೆ. ಅದೇ ಅಳತೆ.

ಓದು ಮುಗಿದ ಮೇಲೆ ಕೆಲಸ ಹುಡುಕಲು ಕೊಟ್ಟ ಪರ್ಮಿಟ್ ಮಾರ್ಚ್‌ವರೆಗೆ. ಮೇಡಂ ಕಾಂಟ್ರ್ಯಾಕ್ಟ್ ಕೊಟ್ಟರೆ ಇಲ್ಲಿ ಉಳಿಯುತ್ತೇನೆ. ಇಲ್ಲದಿದ್ದರೆ ವಾಪಸ್.

ಹೇಳಲಿಲ್ಲ.

ಜನವರಿ 26

ಕಿಶನ್ ಬರಲಿಲ್ಲ.

"ಇನ್ನು ಬರೋದು ಬೇಡ ಅಂದೆ ಅವನಿಗೆ. ನಿನ್ ಥರ ಹುಷಾರಾಗಿರೋರು ಒಬ್ರು ಸಾಕಮ್ಮ." ಮೇಡಂ ಕಾಂಟ್ರ್ಯಾಕ್ಟ್ ಮೇಜಿನ ಮೇಲಿಟ್ಟರು. ನಾಳೆ ಸಹಿ.

ಸಂಜೆ ಅವನ ಮೆಸೇಜ್: "ನನ್ ಲೈಟ್ ಸ್ಟ್ಯಾಂಡ್ ಅಲ್ಲೇ ಐತಿ. ಟಿಲ್‌ಬರ್ಗ್‌ಗೆ ಬರೂ ಮುಂದ ತಂದ್‌ಬಿಡು ಮಾರಾಯ್ತಿ. ಊಟ ನಂದು."

ನನ್ನ ಮೇಲೆ ಅನುಮಾನವೇ ಇಲ್ಲ ಅವನಿಗೆ.

ಜನವರಿ 27. ಬೆಳಿಗ್ಗೆ 9.40

ಮೇಡಂ ಇನ್ನೂ ಕೆಳಗಿದ್ದಾರೆ. ನಟ ಕಣ್ಣು ಮೆಳ್ಳಗೆ ಮಾಡಿಕೊಂಡು ನಿಂತಿದ್ದಾನೆ. ಮೂಲೆಯಲ್ಲಿ ಚಿತ್ರಕಾರನ ಹೆಸರು, ಪ್ರಕಾಶಕನ ಮುದ್ರೆ. ಹಲಗೆ ಕೆತ್ತಿದವನ ಹೆಸರಿಲ್ಲ. ಬಣ್ಣಕ್ಕೊಂದು ಹಲಗೆಯಂತೆ ಒಂದರ ಮೇಲೊಂದು ಒತ್ತಿದವನದೂ ಇಲ್ಲ. ಎಲ್ಲೂ ಕೂದಲೆಳೆಯಷ್ಟೂ ಜರುಗಿಲ್ಲ. ಅಷ್ಟು ಮಾಡಿಯೂ ಹೆಸರಿಲ್ಲ ಅವರಿಗೆ. ನಾನು ಕೆಡಿಸಿ ಹೆಸರಿಲ್ಲದೆ ಕೂತಿದ್ದೇನೆ.

ಸ್ಥಿತಿ ವರದಿಯಲ್ಲಿ ನನ್ನದೇ ಕೈಬರಹ: 'ತೇವದ ಕಲೆ. ಕಾರಣ ತಿಳಿಯದು.' ಚಿತ್ರಗಳಿರುವ ಕೋಣೆಯಲ್ಲಿ ಪೆನ್ಸಿಲ್ ಮಾತ್ರ, ಹಾಗಾಗಿ ಅಳಿಸುವುದು ಸುಲಭ. ಕೊನೆಯ ಎರಡು ಪದ ಅಳಿಸಿದೆ. ಒತ್ತಿ ಬರೆದೆ: 'ನನ್ನ ಹೆಬ್ಬೆರಳು, ಜನವರಿ 18.' ಕೆಳಗೆ ಪೂರ್ತಿ ಹೆಸರು.

ಮೇಡಂ ಕಾಂಟ್ರ್ಯಾಕ್ಟಿಗೆ ಸಹಿ ಕೇಳಿದಾಗ ಮೊದಲು ಈ ಹಾಳೆ ಕೊಡುವುದು. ಮೆಟ್ಟಿಲಲ್ಲಿ ಹೆಜ್ಜೆ ಸದ್ದು —